ಪಾಲು ಯಾರಿಗೆ, ಹೊರೆ ಯಾರಿಗೆ?

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರಂತೆ ಎಂಬ ಗಾದೆಯನ್ನು ನಮ್ಮ ಕಡೆ ಕೇಳದವರಿಲ್ಲ. ಯೂರೋಪಿನ ದೊಡ್ಡ ಸರ್ಕಾರಗಳು ಈ ಗಾದೆಯನ್ನೂ ಮೀರಿಸಿವೆ. ಅಲ್ಲಿ ಕೂಸು ಹುಟ್ಟಿಲ್ಲ, ಕುಲಾವಿಯೂ ಆಗಿಲ್ಲ. ಕುಲಾವಿಯ ಬಟ್ಟೆಯನ್ನು ಯಾರು ಕತ್ತರಿಸಬೇಕು, ಯಾರು ಹೊಲಿಯಬೇಕು, ಹೊಲಿಗೆಯ ಕೂಲಿಯಲ್ಲಿ ಯಾರಿಗೆ ಎಷ್ಟು ಸಲ್ಲಬೇಕು ಎಂಬ ವ್ಯಾಜ್ಯ ಮಾತ್ರ ವರ್ಷಗಟ್ಟಲೆ ನಡೆದಿದೆ. ಬಟ್ಟೆಗೆ ಹಣ ಕೊಟ್ಟವರು ಆ ದೇಶಗಳ ಪ್ರಜೆಗಳು.

ಸಂಗತಿ ಹೀಗಿದೆ. 2017ನೇ ಇಸವಿ ಜುಲೈ 13ರಂದು ಪ್ಯಾರಿಸಿನಲ್ಲಿ ಫ್ರಾನ್ಸಿನ ಅಧ್ಯಕ್ಷ ಮ್ಯಾಕ್ರೋನರೂ ಜರ್ಮನಿಯ ಚಾನ್ಸಲರ್ ಮರ್ಕೆಲರೂ ಕೂಡಿ, ತಮ್ಮೆರಡು ದೇಶಗಳು ಹೊಸ ಯುದ್ಧವಿಮಾನವೊಂದನ್ನು ಜಂಟಿಯಾಗಿ ಮಾಡುವುವೆಂದು ಸಾರಿದರು. 2019ರಲ್ಲಿ ಸ್ಪೇನ್ ಬಂದು ಸೇರಿತು. ಆ ವರ್ಷ ಪ್ಯಾರಿಸ್ ಬಳಿಯ ವಿಮಾನ ಪ್ರದರ್ಶನದಲ್ಲಿ ಪೂರ್ಣ ಗಾತ್ರದ ಬೊಂಬೆವಿಮಾನದ ಮೇಲಿನ ಹೊದಿಕೆ ಸರಿಸಿ ಮಂತ್ರಿಗಳು ಚಪ್ಪಾಳೆ ತಟ್ಟಿದರು. ಯೋಜನೆಯಲ್ಲಿ ಮೂರು ಅಂಗಗಳಿವೆ: ಚಾಲಕನಿರುವ ಒಂದು ವಿಮಾನ, ಅದರ ಜೊತೆಗೆ ಹಿಂಬಾಲಕರಂತೆ ಹಾರುವ ಚಾಲಕನಿಲ್ಲದ ಡ್ರೋನುಗಳು, ಇವನ್ನೆಲ್ಲ ಒಂದಕ್ಕೊಂದು ಬೆಸೆಯುವ ಸಂಪರ್ಕ ಜಾಲ. ಸೇನೆಗೆ ಇದು ಸಿಕ್ಕುವುದು 2040ರ ಹೊತ್ತಿಗೆ ಎಂದು ಹೇಳಿದರು. ಒಟ್ಟು ವೆಚ್ಚದ ಅಂದಾಜು 10,000 ಕೋಟಿ ಯೂರೋಗಳವರೆಗೆ ಹೋಗಿದೆ. ಲೆಕ್ಕದ ಸೌಕರ್ಯಕ್ಕೆ ಯೂರೋ ಒಂದಕ್ಕೆ ನೂರು ರೂಪಾಯಿಯೆಂದು ಹಿಡಿದರೂ ಇದು ಹತ್ತು ಲಕ್ಷ ಕೋಟಿ ರೂಪಾಯಿ. 2022ರ ಡಿಸೆಂಬರಿನಲ್ಲಿ ಒಂದು ಹಂತದ ಕೆಲಸಕ್ಕೆಂದೇ 320 ಕೋಟಿ ಯೂರೋಗಳ ಕರಾರಾಯಿತು. ಪ್ರಯೋಗದ ಮಾದರಿ 2026ರಲ್ಲಿ ಹಾರುವುದೆಂದು ಮೊದಲು ಹೇಳಿದ್ದರು. ಆಮೇಲೆ ಅದು 2028-29ಕ್ಕೆ ಜಾರಿತು.

ಜಾರಿದ್ದು ಏಕೆ? ಎಂಜಿನಿಯರುಗಳಿಗೆ ಬುದ್ಧಿ ಸಾಲದೆ ಅಲ್ಲ. ಫ್ರಾನ್ಸಿನ ದಸೋ ಕಂಪೆನಿ ತಾನು ಮುಖ್ಯ ಗುತ್ತಿಗೆದಾರನಾದ ಮೇಲೆ ತನ್ನ ಮಾತೇ ನಡೆಯಬೇಕು, ಯಾವ ಭಾಗವನ್ನು ಯಾರಿಂದ ಮಾಡಿಸಬೇಕೆಂಬುದು ತನಗೆ ಬಿಟ್ಟದ್ದು ಎಂದಿತು. ಜರ್ಮನಿ, ಸ್ಪೇನ್ ಎರಡರ ಪರವಾಗಿಯೂ ಕುಳಿತಿರುವ ಏರ್‌ಬಸ್ ಕಂಪೆನಿ, ಮೂರರಲ್ಲಿ ಎರಡು ಪಾಲು ನಮ್ಮದು, ನಾವೇನು ನಿಮ್ಮ ಕೈಕೆಲಸದವರೆ ಎಂದಿತು. ಫ್ರಾನ್ಸಿಗೆ ವಿಮಾನವಾಹಕ ಹಡಗಿನ ಮೇಲೆ ಇಳಿಯುವ, ಅಣುಬಾಂಬು ಹೊರುವ ವಿಮಾನ ಬೇಕು. ಜರ್ಮನಿಗೆ ಅಂಥ ಹಡಗೂ ಇಲ್ಲ, ಸ್ವಂತ ಅಣುಬಾಂಬೂ ಇಲ್ಲ. ಅಮೆರಿಕದ ಅಣುಬಾಂಬನ್ನು ಹೊರುವುದಕ್ಕೆ ಜರ್ಮನಿ 2022ರಲ್ಲಿ ಅಮೆರಿಕದಿಂದಲೇ 35 ಎಫ್-35 ವಿಮಾನಗಳನ್ನು ಕೊಳ್ಳಲು ಗೊತ್ತುಮಾಡಿತು. 2025ರ ಕೊನೆಯೊಳಗೆ ಇತ್ಯರ್ಥ ಮಾಡುತ್ತೇವೆಂದು ಎರಡೂ ಸರ್ಕಾರಗಳು ಮಾತು ಕೊಟ್ಟವು. ವರ್ಷ ತೀರಿತು, ಇತ್ಯರ್ಥವಾಗಲಿಲ್ಲ.

ಜಿಲ್ಲಾ ಪಟ್ಟಣದಿಂದ ಹೊರಡುವ ಈ ವಾರಪತ್ರಿಕೆಗೆ ಯೂರೋಪಿನ ವಿಮಾನಗಳ ಗೊಡವೆ ಏಕೆ ಎಂದು ಕೇಳುವ ವಾಚಕರಿರಬಹುದು. ಅಡಿಕೆ ಧಾರಣೆ, ಬಗರ್‌ಹುಕುಂ ಅರ್ಜಿ, ಆಸ್ಪತ್ರೆಯ ಔಷಧದ ಅಭಾವ ಇವುಗಳ ನಡುವೆ ಇದೇನು ಎಂಬ ಅವರ ಪ್ರಶ್ನೆ ನ್ಯಾಯವಾದದ್ದೇ. ನಮ್ಮ ಉತ್ತರ ಇಷ್ಟು: ದೇಶರಕ್ಷಣೆಯ ಹೆಸರಿನಲ್ಲಿ ಪ್ರಜೆಯ ಹಣ ಹೇಗೆ ಕಂಪೆನಿಗಳ ಪಾಲುಪಟ್ಟಿಯಾಗುತ್ತದೆಂಬುದನ್ನು ಯೂರೋಪಿನಷ್ಟು ಸ್ಪಷ್ಟವಾಗಿ ಬೇರೆಲ್ಲೂ ನೋಡಲಾಗದು. ಆ ಸರಕಿನ ಕೊನೆಯ ಗಿರಾಕಿಗಳಲ್ಲಿ ನಾವೂ ಒಬ್ಬರು. ಆದ್ದರಿಂದ ಈ ಲೆಕ್ಕವನ್ನು ಓದುವ ಹಕ್ಕು ನಮಗಿದೆ.

ಹಳೆಯ ಪಾಠ

ಈ ಜಗಳ ಹೊಸದೇನಲ್ಲ. 1983ರಲ್ಲಿ ಬ್ರಿಟನ್, ಫ್ರಾನ್ಸ್, ಜರ್ಮನಿ, ಇಟಲಿ, ಸ್ಪೇನ್ ಐದೂ ಸೇರಿ ಒಂದೇ ಯುದ್ಧವಿಮಾನ ಮಾಡಲು ಹೊರಟಿದ್ದವು. ಮುಂದಾಳು ಯಾರು, ವಿಮಾನ ಎಷ್ಟು ಭಾರವಿರಬೇಕು ಎಂಬುದರಲ್ಲಿ ಒಮ್ಮತವಾಗದೆ 1985ರಲ್ಲಿ ಫ್ರಾನ್ಸ್ ಎದ್ದು ಹೋಗಿ ಒಂಟಿಯಾಗಿ ರಫೇಲನ್ನು ಮಾಡಿತು. ಉಳಿದ ನಾಲ್ಕು ದೇಶಗಳು ಮಾಡಿದ್ದು ಯೂರೋಫೈಟರ್. ಸೋವಿಯೆತ್ ದಂಡನ್ನು ತಡೆಯಲೆಂದು ಎಣಿಸಿದ ವಿಮಾನ ಅದು. ಸೋವಿಯೆತ್ ಒಕ್ಕೂಟ 1991ರಲ್ಲೇ ಇಲ್ಲವಾಯಿತು. ವಿಮಾನ ಮೊದಲು ನೆಲ ಬಿಟ್ಟದ್ದು 1994ರ ಮಾರ್ಚಿಯಲ್ಲಿ. ಶತ್ರು ಸತ್ತರೂ ಕರಾರು ಸಾಯಲಿಲ್ಲ.

ಆ ವಿಮಾನವನ್ನು ಕಟ್ಟಿದ ಬಗೆಯನ್ನು ವಾಚಕರು ಗಮನಿಸಬೇಕು. ಯಾರು ಎಷ್ಟು ವಿಮಾನ ಕೊಳ್ಳುತ್ತಾರೋ ಅವರಿಗೆ ಅಷ್ಟು ಪಾಲು ಕೆಲಸ ಎಂಬುದು ಒಪ್ಪಂದ. ಅದರಂತೆ ಮೂತಿ ಬ್ರಿಟನ್ನಿನಲ್ಲಿ, ನಡುಭಾಗ ಜರ್ಮನಿಯಲ್ಲಿ, ಎಡರೆಕ್ಕೆ ಇಟಲಿಯಲ್ಲಿ, ಬಲರೆಕ್ಕೆ ಸ್ಪೇನಿನಲ್ಲಿ ತಯಾರಾಗಬೇಕಾಯಿತು. ಬಿಡಿಭಾಗಗಳನ್ನು ಜೋಡಿಸಲು ಒಂದು ಕಾರ್ಖಾನೆ ಸಾಕಾಗಿತ್ತು. ನಾಲ್ಕು ದೇಶಗಳಲ್ಲಿ ನಾಲ್ಕು ಕಾರ್ಖಾನೆ ಕಟ್ಟಿದರು. ನಾಲ್ಕು ಮಂದಿ ಅಣ್ಣತಮ್ಮಂದಿರು ಒಂದು ಗಾಡಿ ಮಾಡಿಸಲು ಹೋಗಿ, ಒಂದೊಂದು ಚಕ್ರವನ್ನು ಒಂದೊಂದು ಊರಿನ ಬಡಗಿಯಿಂದ ಮಾಡಿಸಿ, ಕಡೆಗೆ ನಾಲ್ಕು ಅಂಗಳದಲ್ಲಿ ನಾಲ್ಕು ಗಾಡಿ ಜೋಡಿಸಿದಂತಾಯಿತು. ಕೆಲಸದ ಪಾಲು ಹೆಚ್ಚು ಸಿಕ್ಕಲೆಂದು ಮೊದಲಿಗೆ ಒಟ್ಟು 765 ವಿಮಾನ ಬೇಕೆಂದು ಬರೆಸಿದ್ದರು. 1998ರ ಕರಾರಿನಲ್ಲಿ ಅದು 620ಕ್ಕೆ ಇಳಿಯಿತು. ಬ್ರಿಟನ್ 250ರಿಂದ 232ಕ್ಕೆ, ಅಲ್ಲಿಂದ ಮುಂದೆ 160ಕ್ಕೆ ಬಂದಿತು. ವಿಮಾನದ ಸಂಖ್ಯೆ ಇಳಿಯುತ್ತ ಬಂದಂತೆ ಒಂದೊಂದರ ಬೆಲೆ ಏರುತ್ತ ಹೋಯಿತೆಂಬುದನ್ನು 2011ರಲ್ಲಿ ಬ್ರಿಟನ್ನಿನ ಲೆಕ್ಕ ತಪಾಸಣೆಯ ಇಲಾಖೆಯೇ ತನ್ನ ಪಾರ್ಲಿಮೆಂಟಿಗೆ ಒಪ್ಪಿಸಿತು.

ಇಷ್ಟಾದ ಮೇಲೂ ಬುದ್ಧಿ ಬಂದಿದೆಯೆ? ಈಗ ಫ್ರಾನ್ಸ್, ಜರ್ಮನಿ, ಸ್ಪೇನ್ ಒಂದು ವಿಮಾನ ಎನ್ನುತ್ತಿದ್ದರೆ, ಬ್ರಿಟನ್ನೂ ಇಟಲಿಯೂ ಜಪಾನನ್ನು ಸೇರಿಸಿಕೊಂಡು 2022ರ ಡಿಸೆಂಬರಿನಲ್ಲಿ ಇನ್ನೊಂದು ವಿಮಾನ ಎಂದವು. ಅದನ್ನು 2035ಕ್ಕೆ ಹಾರಿಸುವ ಗುರಿ. ಒಂದೇ ಭೂಖಂಡ, ಒಂದೇ ನೇಟೋ ಕೂಟ, ಒಂದೇ ಶತ್ರುವಿನ ಹೆಸರು; ಆದರೂ ವಿಮಾನ ಮಾತ್ರ ಎರಡು ಬಗೆ. ರಕ್ಷಣೆಯೇ ಉದ್ದೇಶವಾಗಿದ್ದರೆ ಇದಕ್ಕೆ ಅರ್ಥವಿಲ್ಲ. ಕಂಪೆನಿಗಳ ಕೈಗೆ ಮುಂದಿನ ನಾಲ್ವತ್ತು ವರ್ಷ ಕೆಲಸವಿರಬೇಕೆಂಬುದು ಉದ್ದೇಶವಾದರೆ ಎಲ್ಲವೂ ಅರ್ಥವಾಗುತ್ತದೆ.

ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ

ಡ್ರೋನುಗಳ ಕಥೆ ಇದಕ್ಕಿಂತಲೂ ವಿಚಿತ್ರವಾಗಿದೆ. ಜರ್ಮನಿಯ ಸರ್ಕಾರ ಅಮೆರಿಕದ ಡ್ರೋನಿನ ಒಡಲನ್ನು ತರಿಸಿ, ಅದರಲ್ಲಿ ತನ್ನ ಕಿವಿಗಳನ್ನು ಅಳವಡಿಸಿ, ಯೂರೋ ಹಾಕ್ ಎಂದು ಹೆಸರಿಟ್ಟಿತು. 2013ರ ಮೇ ತಿಂಗಳಿನಲ್ಲಿ ಆ ಯೋಜನೆಯನ್ನೇ ಕೈಬಿಟ್ಟಿತು. ಕಾರಣ ಕೇಳಿದರೆ ಯಾರಾದರೂ ನಗಬೇಕು. ಜನ ಓಡಾಡುವ ವಿಮಾನಗಳ ನಡುವೆ ಅದು ಡಿಕ್ಕಿ ಹೊಡೆಯದೆ ಹಾರಬಲ್ಲುದೆಂದು ಅಪ್ಪಣೆ ಚೀಟಿ ಸಿಕ್ಕುವಂತಿರಲಿಲ್ಲ. ಅಷ್ಟರಲ್ಲಿ 50 ಕೋಟಿ ಯೂರೋಗೂ ಹೆಚ್ಚು ಹಣ ಕರಗಿತ್ತು. ಸಿಕ್ಕಿದ್ದು ಒಂದೇ ಒಂದು ಡ್ರೋನು. ಎತ್ತು ಕೊಂಡ ಮೇಲೆ ಅದು ರಸ್ತೆಯಲ್ಲಿ ನಡೆಯಬಹುದೋ ಇಲ್ಲವೋ ವಿಚಾರಿಸುವ ರೈತನನ್ನು ನಾವು ಕಂಡಿಲ್ಲ.

ಆ ಮೇಲೆ ಬಂದದ್ದು ಯೂರೋಡ್ರೋನ್. ಜರ್ಮನಿ, ಫ್ರಾನ್ಸ್, ಇಟಲಿ, ಸ್ಪೇನ್ ನಾಲ್ಕೂ 2015ರಲ್ಲಿ ಇಚ್ಛೆ ಪ್ರಕಟಿಸಿದವು. ಕರಾರಿಗೆ ಸಹಿ ಬಿದ್ದದ್ದು 2022ರ ಫೆಬ್ರವರಿ 24ರಂದು. 60 ಡ್ರೋನುಗಳು, 40 ನೆಲದ ಕೇಂದ್ರಗಳು, ಅಭಿವೃದ್ಧಿ, ಆರಂಭದ ವರ್ಷಗಳ ನಿರ್ವಹಣೆ ಎಲ್ಲ ಸೇರಿ 710 ಕೋಟಿ ಯೂರೋ. ಭಾಗಿಸಿ ನೋಡಿದರೆ ಒಂದು ಡ್ರೋನಿನ ತಲೆಗೆ ಸುಮಾರು 12 ಕೋಟಿ ಯೂರೋ ಬೀಳುತ್ತದೆ. ತನ್ನ ಊರುಗಳ ಮೇಲೆ ಸುರಕ್ಷಿತವಾಗಿ ಹಾರಬೇಕೆಂದು ಜರ್ಮನಿ ಎರಡು ಎಂಜಿನ್ ಬೇಕೆಂದಿತು. ಇದರಿಂದ ಡ್ರೋನು ಹತ್ತು ಟನ್ನಿಗೂ ಮೀರಿ ತೂಗತೊಡಗಿತು. ಭಾರವೂ ಜಾಸ್ತಿ, ಬೆಲೆಯೂ ಜಾಸ್ತಿ ಎಂಬ ದೂರು ಫ್ರಾನ್ಸಿನ ಸೆನೆಟ್ ಸಭೆಯಲ್ಲೇ ಕೇಳಿಬಂತು. ಇದು ಸಿದ್ಧವಾಗುವವರೆಗೆ ಫ್ರಾನ್ಸ್ ಅಮೆರಿಕದ ರೀಪರ್ ಡ್ರೋನನ್ನು ಕೊಂಡಿತು, ಜರ್ಮನಿ ಇಸ್ರೇಲಿನ ಹೆರಾನ್ ಡ್ರೋನನ್ನು ಬಾಡಿಗೆಗೆ ತಂದಿತು.

ಕರಾರಿಗೆ ಸಹಿ ಬಿದ್ದ ದಿನಾಂಕವನ್ನು ಇನ್ನೊಮ್ಮೆ ನೋಡಿ. ರಷ್ಯದ ಸೇನೆ ಉಕ್ರೇನಿನ ಮೇಲೆ ಏರಿಹೋದದ್ದು ಅದೇ ದಿನ. ಈ ಯುದ್ಧದಲ್ಲಿ ಉಕ್ರೇನಿನ ಜನ ಸಣ್ಣ ಸಣ್ಣ ಕಮ್ಮಟಗಳಲ್ಲಿ, ಕೆಲವು ನೂರು ಡಾಲರಿನ ಬಿಡಿಭಾಗಗಳಿಂದ ಡ್ರೋನುಗಳನ್ನು ಲಕ್ಷಗಟ್ಟಲೆ ಮಾಡಿಕೊಂಡರು. 2025ರ ಜೂನ್ 1ರಂದು ಲಾರಿಗಳಲ್ಲಿ ಅಡಗಿಸಿ ಒಯ್ದ 117 ಡ್ರೋನುಗಳಿಂದ ರಷ್ಯದ ಒಳನಾಡಿನ ವಿಮಾನನೆಲೆಗಳ ಮೇಲೆ ದಾಳಿ ಮಾಡಿದೆವೆಂದು ಅವರು ಹೇಳಿದರು. ಅದೇ ವರ್ಷ ಸೆಪ್ಟೆಂಬರ್ 9-10ರ ರಾತ್ರಿ ಸುಮಾರು ಇಪ್ಪತ್ತು ರಷ್ಯನ್ ಡ್ರೋನುಗಳು ಪೋಲೆಂಡಿನೊಳಕ್ಕೆ ನುಗ್ಗಿದವು. ಅವುಗಳಲ್ಲಿ ಅನೇಕವು ಪ್ಲೈವುಡ್ಡು, ಥರ್ಮೋಕೋಲಿನಂಥ ಹಗುರ ವಸ್ತುಗಳಿಂದ ಮಾಡಿದ ಹುಸಿ ಡ್ರೋನುಗಳು. ಅವನ್ನು ಹೊಡೆಯಲು ಎದ್ದವು ಎಫ್-35, ಎಫ್-16 ವಿಮಾನಗಳು. ಬಿಟ್ಟ ಕ್ಷಿಪಣಿಗಳು ಒಂದೊಂದೂ ಲಕ್ಷಾಂತರ ಡಾಲರು ಬೆಲೆಯವು. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಎಂದರೆ ಇದೇ. ಎಷ್ಟು ದಿನ ಹೀಗೆ ಬಿಡಬಲ್ಲರು ಎಂಬುದನ್ನು ಗುಬ್ಬಿಯನ್ನು ಹಾರಿಸಿದವನು ಎಣಿಸುತ್ತ ಕುಳಿತಿರುತ್ತಾನೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಯೂರೋಪು ನಿರಾಯುಧವಾಗಿ ಕೂರಬೇಕೆಂಬುದು ನಮ್ಮ ವಾದವಲ್ಲ. ಉಕ್ರೇನಿನ ಮೇಲೆ ನಡೆದದ್ದು ಶುದ್ಧ ಆಕ್ರಮಣ. ಅದನ್ನು ಸಮರ್ಥಿಸುವ ಸಮಾಜವಾದಿ ಇದ್ದರೆ ಅವನು ಸಮಾಜವಾದಿಯಲ್ಲ. ಪೋಲೆಂಡು, ಫಿನ್ಲೆಂಡು, ಬಾಲ್ಟಿಕ್ ನಾಡುಗಳ ಜನರ ಹೆದರಿಕೆ ನಿಜವಾದದ್ದು. ಅದನ್ನು ದೂರದಲ್ಲಿ ಕುಳಿತು ಹಾಸ್ಯ ಮಾಡುವ ಹಕ್ಕು ನಮಗಿಲ್ಲ. ನಮ್ಮ ಆಕ್ಷೇಪಣೆ ಬೇರೆ. ಆ ನಿಜವಾದ ಹೆದರಿಕೆಯನ್ನು ತೋರಿಸಿ, ಅದಕ್ಕೆ ಪರಿಹಾರವಲ್ಲದ ವಸ್ತುವಿಗೆ, 2040ಕ್ಕೆ ಬರಬಹುದಾದ ವಸ್ತುವಿಗೆ, ಇಂದೇ ಹಣ ಎತ್ತುತ್ತಿದ್ದಾರೆ. ಮನೆಗೆ ಬೆಂಕಿ ಬಿದ್ದಿದೆಯೆಂದು ಕೂಗಿ ಜನರಿಂದ ಹಣ ಕೂಡಿಸಿ, ಆ ಹಣದಲ್ಲಿ ಮುಂದಿನ ತಲೆಮಾರಿಗೆ ಬಾವಿ ತೋಡಿಸುವ ಗುತ್ತಿಗೆ ಬರೆದುಕೊಂಡಂತಿದೆ ಇದು.

ಹೊರೆ ಹೊತ್ತವರು

ಹಣ ಎಲ್ಲಿಂದ ಬರುತ್ತದೆ? 2025ರ ಮಾರ್ಚಿಯಲ್ಲಿ ಯೂರೋಪಿಯನ್ ಒಕ್ಕೂಟದ ಅಧಿಕಾರ ಮಂಡಲಿ 80,000 ಕೋಟಿ ಯೂರೋಗಳವರೆಗೆ ಶಸ್ತ್ರಕ್ಕೆ ಕೂಡಿಸುವ ಯೋಜನೆಯನ್ನು ಮುಂದಿಟ್ಟಿತು. ಜೂನಿನಲ್ಲಿ ಹೇಗ್ ನಗರದಲ್ಲಿ ಸೇರಿದ ನೇಟೋ ದೇಶಗಳು 2035ರೊಳಗೆ ರಾಷ್ಟ್ರೀಯ ಉತ್ಪನ್ನದ ನೂರಕ್ಕೆ 5ರಷ್ಟನ್ನು ರಕ್ಷಣೆಗೂ ಅದಕ್ಕೆ ಸಂಬಂಧಪಟ್ಟ ಬಾಬುಗಳಿಗೂ ಖರ್ಚು ಮಾಡುವೆವೆಂದು ಒಪ್ಪಿದವು. ಜರ್ಮನಿಯಲ್ಲಿ ಸರ್ಕಾರ ಸಾಲ ಮಾಡಬಾರದೆಂದು 2009ರಲ್ಲಿ ಸಂವಿಧಾನಕ್ಕೇ ಬೀಗ ಹಾಕಿದ್ದರು. ಶಾಲೆ ಸೋರುತ್ತಿದೆ, ಸೇತುವೆ ಬೀಳುತ್ತಿದೆ ಎಂದಾಗಲೆಲ್ಲ ಆ ಬೀಗವನ್ನು ತೋರಿಸುತ್ತಿದ್ದರು. 2025ರ ಮಾರ್ಚಿಯಲ್ಲಿ ಶಸ್ತ್ರದ ಖರ್ಚಿಗಾಗಿ ಆ ಬೀಗವನ್ನು ತೆಗೆದರು. ಉತ್ಪನ್ನದ ನೂರಕ್ಕೆ ಒಂದರ ಮೇಲೆ ರಕ್ಷಣೆಗೆ ಎಷ್ಟು ಸಾಲ ಮಾಡಿದರೂ ಈಗ ಅಡ್ಡಿಯಿಲ್ಲ. ಸೇತುವೆ, ರೈಲುಗಳಿಗೂ ಪ್ರತ್ಯೇಕ ನಿಧಿಯೊಂದನ್ನು ಅದೇ ಸಂದರ್ಭದಲ್ಲಿ ಇಟ್ಟರೆಂಬುದು ನಿಜ. ಅದಕ್ಕೆ ಮಿತಿಯಿದೆ, ಶಸ್ತ್ರಕ್ಕೆ ಮಿತಿಯಿಲ್ಲ.

ಡೆನ್ಮಾರ್ಕಿನಲ್ಲಿ ನಡೆದದ್ದು ಇನ್ನೂ ನೇರವಾಗಿದೆ. 1686ರಿಂದ ನಡೆದುಬಂದ ಮಹಾ ಪ್ರಾರ್ಥನಾ ದಿನದ ರಜೆಯನ್ನು ಅಲ್ಲಿಯ ಸರ್ಕಾರ 2023ರಲ್ಲಿ ಕಾಯಿದೆ ಮಾಡಿ ಕಿತ್ತುಹಾಕಿತು. ಜನ ಒಂದು ದಿನ ಹೆಚ್ಚು ದುಡಿದರೆ ತೆರಿಗೆ ಹೆಚ್ಚು ಬರುತ್ತದೆ, ಅದು ರಕ್ಷಣೆಗೆ ಒದಗುತ್ತದೆ ಎಂದು ಕಾರಣ ಕೊಟ್ಟಿತು. ಕಾರ್ಮಿಕ ಸಂಘಗಳು ಬೀದಿಗಿಳಿದವು, ಕಾಯಿದೆ ನಿಲ್ಲಲಿಲ್ಲ. 2025ರ ಜುಲೈಯಲ್ಲಿ ಫ್ರಾನ್ಸಿನ ಪ್ರಧಾನಿ ಬೈರೂ ಸುಮಾರು 4,400 ಕೋಟಿ ಯೂರೋ ಉಳಿತಾಯದ ಮುಂಗಡ ಪತ್ರ ಮುಂದಿಟ್ಟರು. ಎರಡು ರಜೆಗಳನ್ನು ತೆಗೆಯಬೇಕೆಂದರು. ಅದರಲ್ಲಿ ಒಂದು ಮೇ 8, ಹಿಟ್ಲರನ ಮೇಲಿನ ವಿಜಯದ ದಿನ! ಅದಕ್ಕೆ ಎರಡೇ ದಿನ ಮೊದಲು ಅಧ್ಯಕ್ಷ ಮ್ಯಾಕ್ರೋನರು ಎರಡು ವರ್ಷಗಳಲ್ಲಿ ಸೇನೆಗೆ 650 ಕೋಟಿ ಯೂರೋ ಹೆಚ್ಚಿಗೆ ಕೊಡುವುದಾಗಿ ಸಾರಿದ್ದರು. ಜನ ಒಪ್ಪಲಿಲ್ಲ. ಸೆಪ್ಟೆಂಬರ್ 8ರಂದು ಬೈರೂ ಸರ್ಕಾರ ಬಿತ್ತು. ಮುಂದೆ ಬಂದವರು ರಜೆಯ ಮಾತನ್ನು ಕೈಬಿಡಬೇಕಾಯಿತು.

ಬ್ರಿಟನ್ನಿನಲ್ಲಿ ಅಧಿಕಾರದಲ್ಲಿದ್ದದ್ದು ಕಾರ್ಮಿಕರ ಹೆಸರಿನ ಪಕ್ಷ. 2025ರ ಫೆಬ್ರವರಿಯಲ್ಲಿ ಪ್ರಧಾನಿ ಸ್ಟಾರ್ಮರ್ 2027ಕ್ಕೆ ರಕ್ಷಣಾ ವೆಚ್ಚವನ್ನು ಉತ್ಪನ್ನದ ನೂರಕ್ಕೆ 2.5ಕ್ಕೆ ಏರಿಸುವೆವೆಂದರು. ಅದಕ್ಕೆ ಹಣ ತೆಗೆದದ್ದು ಬಡ ದೇಶಗಳಿಗೆ ಕೊಡುವ ನೆರವಿನಿಂದ. ನೂರಕ್ಕೆ 0.5ರಷ್ಟಿದ್ದ ನೆರವನ್ನು 0.3ಕ್ಕೆ ಇಳಿಸಲು ತೀರ್ಮಾನಿಸಿದರು. ಆ ಇಲಾಖೆಯ ಮಂತ್ರಿಣಿ ಡಾಡ್ಸ್ ಮೂರು ದಿನದಲ್ಲಿ ರಾಜೀನಾಮೆ ಕೊಟ್ಟು ಹೊರಗೆ ಬಂದರು. ಆಕೆಯ ಆತ್ಮಸಾಕ್ಷಿಗೆ ನಮ್ಮ ನಮಸ್ಕಾರ. ಆಫ್ರಿಕದ ಯಾವುದೋ ಹಳ್ಳಿಯ ಮಗುವಿಗೆ ಹಾಕಬೇಕಾಗಿದ್ದ ಲಸಿಕೆಯ ಹಣ ಶಸ್ತ್ರದ ಖಾತೆಗೆ ಜಮೆಯಾಗುವುದಕ್ಕೆ ಕಾರ್ಮಿಕರ ಪಕ್ಷವೇ ರುಜು ಹಾಕಬೇಕಾಯಿತಲ್ಲ ಎಂಬುದು ನಮ್ಮ ನೋವು.

ಮಾರಲೇಬೇಕಾದ ಸರಕು

ಇಷ್ಟು ದುಬಾರಿ ವಿಮಾನವನ್ನು ತಮ್ಮ ಸೇನೆಗಳಿಗೆ ಮಾತ್ರ ಮಾಡಿದರೆ ಕಾರ್ಖಾನೆ ನಡೆಯುವುದಿಲ್ಲ. ಹೊರಗೆ ಮಾರಲೇಬೇಕು. ಕೊಳ್ಳುವವನು ಯಾರೆಂದು ಆಮೇಲೆ ಕೇಳುವಂತಿಲ್ಲ. 1985ರಲ್ಲಿ ಬ್ರಿಟನ್ ಸೌದಿ ಅರೇಬಿಯಕ್ಕೆ ಟಾರ್ನೆಡೋ ವಿಮಾನಗಳನ್ನು ಮಾರಿದ ವ್ಯವಹಾರದಲ್ಲಿ ಲಂಚದ ಆಪಾದನೆ ಬಂದು ತನಿಖೆ ನಡೆದಿತ್ತು. 2006ರ ಡಿಸೆಂಬರಿನಲ್ಲಿ ಬ್ಲೇರ್ ಸರ್ಕಾರ ಇದ್ದಾಗ ಆ ತನಿಖೆಯನ್ನೇ ನಿಲ್ಲಿಸಿದರು. ದೇಶದ ಭದ್ರತೆಗೆ ಧಕ್ಕೆ ಎಂಬುದು ಕೊಟ್ಟ ಕಾರಣ. ಮರುವರ್ಷ ಅದೇ ಸೌದಿ ದೊರೆತನಕ್ಕೆ 72 ಯೂರೋಫೈಟರ್ ಮಾರುವ ಕರಾರಾಯಿತು. 2015ರ ಮಾರ್ಚಿಯಿಂದ ಯೆಮನ್ ದೇಶದ ಮೇಲೆ ಬಾಂಬು ಸುರಿಸಿದ ವಿಮಾನಗಳಲ್ಲಿ ಇವೂ ಇದ್ದವು. ಆ ಯುದ್ಧದಿಂದ 2021ರ ಕೊನೆಯ ಹೊತ್ತಿಗೆ 3,77,000 ಮಂದಿ ಸತ್ತಿರಬಹುದು, ಅವರಲ್ಲಿ ಹೆಚ್ಚಿನವರು ಹಸಿವು, ರೋಗಗಳಿಂದ ಎಂದು ವಿಶ್ವಸಂಸ್ಥೆಯ ಅಭಿವೃದ್ಧಿ ಶಾಖೆ ಲೆಕ್ಕ ಹಾಕಿತು. ಸೌದಿಗೆ ಮತ್ತೆ ವಿಮಾನ ಕೊಡಬಾರದೆಂದು ಜರ್ಮನಿ ಕೆಲವು ವರ್ಷ ತಡೆದಿತ್ತು. 2024ರ ಜನವರಿಯಲ್ಲಿ ಆ ತಡೆಯನ್ನೂ ಸಡಿಲಿಸಿತು.

2025ರ ಅಕ್ಟೋಬರಿನಲ್ಲಿ ಸ್ಟಾರ್ಮರ್ ಟರ್ಕಿಗೆ ಹೋಗಿ 20 ಯೂರೋಫೈಟರ್ ಮಾರಾಟಕ್ಕೆ ಸಹಿ ಹಾಕಿ ಬಂದರು. ವ್ಯವಹಾರ 800 ಕೋಟಿ ಪೌಂಡುಗಳದ್ದು. 20,000 ಉದ್ಯೋಗ ಉಳಿಯಿತೆಂದು ಹೇಳಿಕೊಂಡರು. ಈ ಉದ್ಯೋಗದ ಮಾತನ್ನು ನಾವು ಹಗುರವಾಗಿ ತಳ್ಳಿಹಾಕುವುದಿಲ್ಲ. ವಾರ್ಟನ್ನಿನ ಕಾರ್ಖಾನೆಯಲ್ಲಿ ಹೊಸ ವಿಮಾನದ ಕೆಲಸವಿಲ್ಲವೆಂದು ಅಲ್ಲಿಯ ಕಾರ್ಮಿಕ ಸಂಘ ಗೋಳಿಟ್ಟದ್ದು ಹೊಟ್ಟೆಯ ಸಂಕಟದಿಂದ. ಜರ್ಮನಿಯ ಲೋಹ ಕಾರ್ಮಿಕರ ಸಂಘದ ಮುಖಂಡರೂ ಫ್ರೆಂಚ್ ಕಂಪೆನಿಯ ವಿರುದ್ಧ ತಮ್ಮ ಧಣಿಗಳ ಪಕ್ಕದಲ್ಲಿ ನಿಂತು ಮಾತನಾಡಿದ್ದು ಅದೇ ಸಂಕಟದಿಂದ. ಆದರೆ ಒಂದು ದೇಶದ ಫಿಟ್ಟರು ಇನ್ನೊಂದು ದೇಶದ ಫಿಟ್ಟರನನ್ನು ಎದುರಾಳಿಯೆಂದು ನೋಡುವ ಸ್ಥಿತಿ ತಂದಿಟ್ಟವರು ಯಾರು? ಬಾಂಬು ಹೊರುವ ವಿಮಾನವಲ್ಲದೆ ನಿನಗೆ ಬೇರೆ ಅನ್ನವಿಲ್ಲ ಎಂದು ಅವನಿಗೆ ಹೇಳಿಕೊಟ್ಟವರು ಯಾರು?

ಕೆಲಸಗಾರರ ಯೋಜನೆ

ಈ ಪ್ರಶ್ನೆಗೆ ಐವತ್ತು ವರ್ಷಗಳ ಹಿಂದೆಯೇ ಬ್ರಿಟನ್ನಿನ ಕೆಲಸಗಾರರು ಉತ್ತರ ಕೊಟ್ಟಿದ್ದರು. ಲೂಕಸ್ ಏರೋಸ್ಪೇಸ್ ಎಂಬುದು ವಿಮಾನದ ಭಾಗಗಳನ್ನು ಮಾಡುತ್ತಿದ್ದ ಕಂಪೆನಿ. ಹದಿನೇಳು ಕಡೆ ಕಾರ್ಖಾನೆ, ಸುಮಾರು 18,000 ಕೆಲಸಗಾರರು, ಕೆಲಸದಲ್ಲಿ ಅರ್ಧದಷ್ಟು ಸೇನೆಗೆ ಸಂಬಂಧಪಟ್ಟದ್ದು. 1974ರಲ್ಲಿ ಕೆಲಸ ಹೋಗುವ ಭೀತಿ ಬಂದಾಗ ಎಲ್ಲ ಕಾರ್ಖಾನೆಗಳ ಕಾರ್ಮಿಕ ಪ್ರತಿನಿಧಿಗಳು ಒಂದಾಗಿ ಕೈಗಾರಿಕಾ ಮಂತ್ರಿ ಟೋನಿ ಬೆನ್ನರನ್ನು ಕಂಡರು. ನೀವೇ ಒಂದು ಯೋಜನೆ ಮಾಡಿ ತನ್ನಿ ಎಂಬ ಪ್ರೋತ್ಸಾಹ ಸಿಕ್ಕಿತು. ಅವರು ಮೊದಲು ದೊಡ್ಡ ದೊಡ್ಡ ವಿದ್ವಾಂಸರಿಗೆ ಕಾಗದ ಬರೆದರು. ಉತ್ತರ ಬಂದದ್ದು ಬೆರಳೆಣಿಕೆಯಷ್ಟು ಮಂದಿಯಿಂದ. ಆಗ ತಮ್ಮ ಅಂಗಡಿಮನೆಯ ಜನರನ್ನೇ, ಎಂದರೆ ಯಂತ್ರದ ಮುಂದೆ ನಿಂತ ಫಿಟ್ಟರು, ಟರ್ನರು, ನಕ್ಷೆ ಬರೆಯುವವರನ್ನೇ ಕೇಳಿದರು: ನಮ್ಮ ಕೈಯ ಈ ಕಸುಬಿನಿಂದ, ಇದೇ ಯಂತ್ರಗಳಿಂದ, ಜನಕ್ಕೆ ಬೇಕಾದ ಏನೇನನ್ನು ಮಾಡಬಹುದು?

1976ರ ಜನವರಿಯಲ್ಲಿ ಅವರು ಮುಂದಿಟ್ಟ ಯೋಜನೆಯಲ್ಲಿ ಸುಮಾರು 150 ವಸ್ತುಗಳಿದ್ದವು. ಮೂತ್ರಪಿಂಡ ಕೆಟ್ಟವರಿಗೆ ರಕ್ತ ಶುದ್ಧಿ ಮಾಡುವ ಯಂತ್ರ, ಮನೆ ಬೆಚ್ಚಗಿಡುವ ಹೀಟ್ ಪಂಪು, ಬೆನ್ನುಹುರಿಯ ದೋಷದಿಂದ ನಡೆಯಲಾರದ ಮಕ್ಕಳಿಗೆ ಪುಟ್ಟ ಗಾಡಿ, ರಸ್ತೆಯಲ್ಲೂ ಹಳಿಯಲ್ಲೂ ಓಡುವ ಬಸ್ಸು, ಪೆಟ್ರೋಲು ವಿದ್ಯುತ್ತು ಎರಡರಿಂದಲೂ ಓಡುವ ಮೋಟಾರು. ಆಡಳಿತ ವರ್ಗ ಅದನ್ನು ತಿರಸ್ಕರಿಸಿತು. ಆಗಿನ ಕಾರ್ಮಿಕ ಸರ್ಕಾರವೂ ಬೆನ್ನಿಗೆ ನಿಲ್ಲಲಿಲ್ಲ. ಯೋಜನೆಯ ಮುಂದಾಳುಗಳಲ್ಲೊಬ್ಬರಾದ ಎಂಜಿನಿಯರು ಮೈಕ್ ಕೂಲಿಯವರನ್ನು 1981ರಲ್ಲಿ ಕೆಲಸದಿಂದ ತೆಗೆದರು. ಈಗ ಏನಾಗಿದೆ ನೋಡಿ. ಆ ಹೀಟ್ ಪಂಪುಗಳನ್ನು ಯೂರೋಪಿನ ಸರ್ಕಾರಗಳೇ ಸಹಾಯಧನ ಕೊಟ್ಟು ಮನೆಮನೆಗೆ ಹಾಕಿಸುತ್ತಿವೆ. ಎರಡು ಬಗೆಯ ಶಕ್ತಿಯಿಂದ ಓಡುವ ಕಾರನ್ನು ಜಪಾನಿನವರು 1997ರಲ್ಲಿ ಮಾರುಕಟ್ಟೆಗೆ ತಂದು ಹಣ ಮಾಡಿದರು. ಯಂತ್ರದ ಮುಂದೆ ನಿಂತವನು ಕಂಡದ್ದು ನಿಜವಾಯಿತು.

ಇಂದು ಅದಕ್ಕೆ ತದ್ವಿರುದ್ಧವಾದದ್ದು ನಡೆಯುತ್ತಿದೆ. ಜರ್ಮನಿಯ ಗೋರ್ಲಿಟ್ಸ್ ಊರಿನಲ್ಲಿ ನೂರೆಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ರೈಲುಗಾಡಿಯ ಡಬ್ಬಿಗಳನ್ನು ಮಾಡಿದ ಕಾರ್ಖಾನೆಯನ್ನು ಟ್ಯಾಂಕಿನ ಭಾಗಗಳ ತಯಾರಿಕೆಗೆ ಒಪ್ಪಿಸುವುದೆಂದು 2025ರಲ್ಲಿ ಗೊತ್ತಾಯಿತು. ಜನರನ್ನು ಊರಿಗೆ ಮುಟ್ಟಿಸುವ ಡಬ್ಬಿಗೆ ಗಿರಾಕಿಯಿಲ್ಲ, ಟ್ಯಾಂಕಿಗೆ ಇದ್ದಾನೆ. ಏಕೆಂದರೆ ಟ್ಯಾಂಕಿನ ಗಿರಾಕಿ ಸರ್ಕಾರ, ಅದರ ಬೊಕ್ಕಸಕ್ಕೆ ಈಗ ಬೀಗವಿಲ್ಲ.

ನಮ್ಮ ಬಾಗಿಲಿಗೆ

ಈಗ ನಮ್ಮ ಬಾಗಿಲಿಗೆ ಬರೋಣ. ಯೂರೋಪಿನ ವಿಮಾನಗಳ ನಂಟು ಬೆಂಗಳೂರಿಗೆ ಹಳೆಯದು. ಹಿಂದೂಸ್ಥಾನ್ ಕಾರ್ಖಾನೆಗೆ 1956ರಲ್ಲಿ ಬಂದ ಜರ್ಮನ್ ವಿನ್ಯಾಸಕಾರ ಕುರ್ಟ್ ಟಾಂಕ್ ಮತ್ತು ಅವರೊಡನೆ ದುಡಿದ ನಮ್ಮ ಎಂಜಿನಿಯರುಗಳು ರೂಪಿಸಿದ ಮಾರುತ್ ವಿಮಾನ 1961ರ ಜೂನ್ 17ರಂದು ಹಾರಿತು. ಒಡಲು ಬಹಳ ಚೆನ್ನಾಗಿತ್ತು. ಆದರೆ ಅದಕ್ಕೆಂದು ನೆಚ್ಚಿದ್ದ ಬ್ರಿಟಿಷ್ ಎಂಜಿನಿನ ಅಭಿವೃದ್ಧಿಗೆ ಹಣ ಕೊಡಲು ನಮ್ಮ ಸರ್ಕಾರ ಒಪ್ಪಲಿಲ್ಲ; ಬ್ರಿಟನ್ನು ಆ ಎಂಜಿನನ್ನು ಕೈಬಿಟ್ಟಿತು. ಕಡಮೆ ಬಲದ ಎಂಜಿನಿನಿಂದಲೇ ಅದು ತನ್ನ ಆಯುಷ್ಯ ಕಳೆಯಿತು. ಆ ಬಳಿಕ ಬ್ರಿಟನ್-ಫ್ರಾನ್ಸಿನ ಜಾಗ್ವಾರನ್ನು ಬೆಂಗಳೂರಿನಲ್ಲಿ ಜೋಡಿಸಿದೆವು. ಮಾಡಿದ ದೇಶಗಳೆರಡೂ ಅದನ್ನು ಮೂಲೆಗೆ ಹಾಕಿ ವರ್ಷಗಳಾದವು. 2025ರಲ್ಲೂ ನಮ್ಮ ಹುಡುಗರು ಅದನ್ನು ಹಾರಿಸುತ್ತಿದ್ದರು.

2016ರಲ್ಲಿ 36 ರಫೇಲುಗಳಿಗೆ 787 ಕೋಟಿ ಯೂರೋ ಕೊಟ್ಟೆವು. 2025ರ ಏಪ್ರಿಲಿನಲ್ಲಿ ನೌಕಾಪಡೆಗೆ ಇನ್ನೂ 26 ರಫೇಲುಗಳ ಕರಾರಿಗೆ ಸಹಿ ಹಾಕಿದೆವು. ಅದು 63,000 ಕೋಟಿ ರೂಪಾಯಿಯ ಆಸುಪಾಸು. 2025ರ ಜನವರಿಯಲ್ಲಿ, ಮೇಲೆ ಹೇಳಿದ ಅದೇ ಯೂರೋಡ್ರೋನ್ ಯೋಜನೆಗೆ ಭಾರತ ವೀಕ್ಷಕನಾಗಿ ಸೇರಿತು. ವೀಕ್ಷಿಸುವುದು ತಪ್ಪಲ್ಲ. ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವನು ಜಾಣನೇ. ನೋಡಿದ್ದನ್ನು ಮನೆಯವರಿಗೆ ಹೇಳುತ್ತಾನೆಯೇ ಎಂಬುದು ಪ್ರಶ್ನೆ. ಈ ಡ್ರೋನಿನ ತೂಕ, ಬೆಲೆ, ತಡ ಇವುಗಳ ವಿಚಾರ ನಮ್ಮ ಲೋಕಸಭೆಯಲ್ಲಿ ಎಷ್ಟು ಹೊತ್ತು ಚರ್ಚೆಯಾಗಿದೆ?

ನೆಲದ ಮಾತೂ ಇದೆ. ದೇವನಹಳ್ಳಿ ತಾಲೂಕು ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಜಮೀನನ್ನು ವಿಮಾನ ಹಾಗೂ ರಕ್ಷಣಾ ಕೈಗಾರಿಕೆಗಳಿಗೆಂದು ವಶಪಡಿಸಿಕೊಳ್ಳಲು ನಮ್ಮ ಸರ್ಕಾರ ಹೊರಟಿತ್ತು. ರೈತರು, ರೈತ ಹೆಣ್ಣುಮಕ್ಕಳು 2022ರ ಏಪ್ರಿಲಿನಿಂದ ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕುಳಿತರು. ಪೊಲೀಸರು ಎಳೆದೊಯ್ದರೂ ಏಳಲಿಲ್ಲ. 2025ರ ಜುಲೈ 15ರಂದು ಮುಖ್ಯಮಂತ್ರಿಗಳು ಭೂಸ್ವಾಧೀನವನ್ನು ಕೈಬಿಟ್ಟೆವೆಂದು ಘೋಷಿಸಿದರು. ಒಡನೆಯೇ ನೆರೆಯ ಆಂಧ್ರದ ಮಂತ್ರಿಯೊಬ್ಬರು, ನಮ್ಮಲ್ಲಿ ಭೂಮಿ ಸಿದ್ಧವಿದೆ, ಇತ್ತ ಬನ್ನಿ ಎಂದು ಕಂಪೆನಿಗಳನ್ನು ಕರೆದರು. ಜರ್ಮನಿಯ ಕೆಲಸಗಾರನನ್ನೂ ಫ್ರಾನ್ಸಿನ ಕೆಲಸಗಾರನನ್ನೂ ಎದುರುಬದುರು ನಿಲ್ಲಿಸಿದ ಹಗ್ಗವೇ ಇಲ್ಲಿ ಕನ್ನಡದ ರೈತನನ್ನೂ ತೆಲುಗಿನ ರೈತನನ್ನೂ ಎಳೆಯುತ್ತಿದೆ. ಚನ್ನರಾಯಪಟ್ಟಣದ ರೈತರು ವಿಮಾನದ ವೈರಿಗಳಲ್ಲ. ನಮ್ಮನ್ನು ಕೇಳದೆ ನಮ್ಮ ಹೊಲದ ಮೇಲೆ ಗೆರೆ ಎಳೆಯಬೇಡಿ ಎಂದಷ್ಟೇ ಅವರು ಹೇಳಿದ್ದು.

ನಮ್ಮ ಮಾತೂ ಅದೇ. ದೇಶದ ಗಡಿ ಕಾಯಬೇಕು, ಅದಕ್ಕೆ ಆಯುಧ ಬೇಕು. ಇದರಲ್ಲಿ ಎರಡು ಮಾತಿಲ್ಲ. ಆದರೆ ಯಾವ ಆಯುಧ, ಎಷ್ಟು, ಯಾರ ಕೈಯಿಂದ, ಯಾವ ಬೆಲೆಗೆ ಎಂಬುದನ್ನು ಅದನ್ನು ಮಾರುವವನು ತೀರ್ಮಾನಿಸಕೂಡದು. ವಿದೇಶೀ ವಿಮಾನ, ಡ್ರೋನುಗಳ ಪ್ರತಿಯೊಂದು ಕರಾರಿನ ಲೆಕ್ಕವನ್ನೂ ಲೋಕಸಭೆಯ ಮುಂದೆ ಪೂರ್ತಿಯಾಗಿ ಇಡಬೇಕು. ಇನ್ನೊಬ್ಬರ ಯೋಜನೆಯಲ್ಲಿ ಪಾಲುದಾರರಾಗುವ ಮುನ್ನ ಎಂಜಿನಿನ ವಿದ್ಯೆ ನಮ್ಮ ಕೈಗೆ ಬರುತ್ತದೆಯೇ ಇಲ್ಲವೇ ಎಂಬುದನ್ನು ಬರವಣಿಗೆಯಲ್ಲಿ ಪಡೆಯಬೇಕು. ಮಾರುತ್ ಕಲಿಸಿದ ಪಾಠವನ್ನು ಇನ್ನೊಮ್ಮೆ ಕಲಿಯುವಷ್ಟು ಹಣ ನಮ್ಮಲ್ಲಿಲ್ಲ. ಬೆಂಗಳೂರಿನ ವಿಮಾನ ಕಾರ್ಖಾನೆಯ ಕಾರ್ಮಿಕರನ್ನು ಕೂಲಿಯ ಮಾತಿಗೆ ಮಾತ್ರವಲ್ಲ, ಏನು ಮಾಡಬೇಕೆಂಬ ಮಾತಿಗೂ ಕರೆಯಬೇಕು. ಲೂಕಸಿನ ಕೆಲಸಗಾರರು ಕೇಳಿದ ಪ್ರಶ್ನೆಯನ್ನು ಅವರೂ ತಮ್ಮ ಸಂಘಗಳಲ್ಲಿ ಕೇಳಲಿ ಎಂಬುದು ನಮ್ಮ ಆಶೆ.

ಫ್ರಾನ್ಸಿನ ಜನ ತಮ್ಮ ಎರಡು ರಜೆಗಳನ್ನು ಉಳಿಸಿಕೊಂಡರು. ಚನ್ನರಾಯಪಟ್ಟಣದ ಜನ ತಮ್ಮ ಹೊಲಗಳನ್ನು ಉಳಿಸಿಕೊಂಡರು. ಎರಡೂ ನಡೆದದ್ದು ಒಂದೇ ವರ್ಷ, ಎರಡು ತಿಂಗಳ ಅಂತರದಲ್ಲಿ. ಇವರು ಅವರನ್ನು ಬಲ್ಲವರಲ್ಲ, ಅವರು ಇವರನ್ನು ಬಲ್ಲವರಲ್ಲ. ಬಲ್ಲವರಾದರೆ ಒಳ್ಳೆಯದು.